ಸೇತುವೆಯ ಕೆಳಗಣ ನೀರು

ಆಂಗ್ಲಭಾಷೆಯಿಂದ ನಮಗೆ ಆದ ಉಪಕಾರ ಅಲ್ಪವಲ್ಲ. ಆದರೆ ಅದರ ನುಡಿಗಟ್ಟುಗಳನ್ನೆಲ್ಲ ಪರೀಕ್ಷಿಸದೆ ಅಂಗೀಕರಿಸುವುದು ವಿವೇಕವಲ್ಲ. ‘ವಾಟರ್ ಅಂಡರ್ ದಿ ಬ್ರಿಡ್ಜ್’ ಎಂಬ ಮಾತು ನಮ್ಮ ವಿದ್ಯಾವಂತರ ಬಾಯಲ್ಲಿ ಈಗ ಬಹಳವಾಗಿ ಕೇಳಿಬರುತ್ತಿದೆ. ಸೇತುವೆಯ ಕೆಳಗೆ ಹರಿದುಹೋದ ನೀರು ಹಿಂದಿರುಗದು. ಅಂತೆಯೇ ಗತಿಸಿದುದನ್ನು ಕೆದಕಬಾರದು ಎಂಬುದು ಅದರ ತಾತ್ಪರ್ಯ. ಸಾಲದ ಮಾತು ಬಂದರೂ ಇದೇ ಉತ್ತರ, ಕೊಟ್ಟ ವಚನದ ಮಾತು ಬಂದರೂ ಇದೇ ಉತ್ತರ.

ಹೀಗೆನ್ನುವ ರಾಜರಾಜೇಶ್ವರಿನಗರದ ಮಹನೀಯರು ದೂರ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯ ಕಮಾನನ್ನು ಹೊಕ್ಕು ನಾವು ಮನೆಗೆ ಬರುವಾಗ ವೃಷಭಾವತಿಯನ್ನು ದಾಟುತ್ತೇವೆ. ಮೂಗು ಮುಚ್ಚಿಕೊಂಡೇ ದಾಟುತ್ತೇವೆ. ಆ ಹೊಳೆಯಲ್ಲಿ ಹರಿಯುವುದು ಯಾರ ನೀರು? ಬಹುಮಟ್ಟಿಗೆ ನಮ್ಮ ಬಚ್ಚಲಿನದು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತಂದ ಕಾವೇರಿಯೂ ಅದರಲ್ಲಿ ಸೇರಿರುವಳು. ಆ ಯೋಜನೆಯ ಮೊದಲ ಹಂತ ಮುಗಿದುದು 1974ರಲ್ಲಿ. ಹೊಳೆಗಳನ್ನು ಕೆಡಿಸಕೂಡದೆಂಬ ಕೇಂದ್ರ ಶಾಸನವಾದುದೂ ಅದೇ 1974ರಲ್ಲಿ. ನೀರನ್ನು ಪಡೆದೆವು, ಶಾಸನವನ್ನು ಮರೆತೆವು.

ಸೇತುವೆಯನ್ನು ದಾಟಿದ ನೀರು ಮಾಯವಾಗುವುದೆ? ಇಲ್ಲ. ಅದು ಕೆಂಗೇರಿಯನ್ನು ಹಾದು ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ತುಂಬುವುದು, ನೊರೆ ಕಾಲುವೆಗಿಳಿಯುವುದು. ಅಲ್ಲಿನ ರೈತನ ಬಾವಿಗೂ ಅದೇ ಇಂಗುವುದು. ಆ ನೀರುಂಡ ಮೇವನ್ನು ಹಸು ಮೇಯುವುದು. ಹಾಲು ಪೇಟೆಗೆ ಬರುವುದು. ಉಳಿದ ನೀರು ಅರ್ಕಾವತಿಯನ್ನು ಕೂಡಿ ಸಂಗಮದಲ್ಲಿ ಪುನಃ ಕಾವೇರಿಯನ್ನೇ ಸೇರುವುದು. ಸೇತುವೆಯ ಮೇಲೆ ನಿಂತವನಿಗೆ ಅದು ಹೋದ ನೀರು. ಕೆಳಗಿನ ಊರಿನವನಿಗೆ ಬರುತ್ತಿರುವ ನೀರು.

ಗತಕಾಲದ ರೀತಿಯೂ ಇದೇ. ಮಾಡಿದವನಿಗೆ ಮುಗಿದ ಸಂಗತಿ, ಅನುಭವಿಸುವವನಿಗೆ ಇನ್ನೂ ಮುಗಿದಿರುವುದಿಲ್ಲ.

‘ಹಾಗಾದರೆ ಹಗೆಯನ್ನು ಮರೆಯುವುದೇ ಬೇಡವೆ?’ ಎಂದು ಕೇಳಬಹುದು. ಅವಶ್ಯವಾಗಿ ಮರೆಯಬೇಕು. ‘ಹೋಗಲಿ ಬಿಡು’ ಎಂಬ ಸೊಗಸಾದ ಮಾತು ನಮ್ಮಲ್ಲಿಯೇ ಇದೆ. ಆದರೆ ಅದನ್ನಾಡುವ ಅಧಿಕಾರ ನೊಂದವನದು. ನೋಯಿಸಿದವನು ಆಡಬೇಕಾದ ಮಾತು ‘ತಪ್ಪಾಯಿತು’ ಎಂಬುದು. ಆಡಿದ ಮೇಲೆ ತಿದ್ದಿಕೊಳ್ಳಲೂಬೇಕು. ಇವೆರಡನ್ನೂ ಬಿಟ್ಟು, ನೊಂದವನ ಮಾತನ್ನು ತಾನೇ ಕಸಿದುಕೊಳ್ಳುವುದಕ್ಕೆ ಈ ಇಂಗ್ಲಿಷ್ ನುಡಿ ನಮಗೆ ಅನುಕೂಲವಾಗಿ ಒದಗಿದೆ. ದೋಷ ಆ ಭಾಷೆಯದಲ್ಲ, ನಮ್ಮದು.

ಇನ್ನು ಮುಂದೆ ಈ ಮಾತನ್ನು ಆಡಬಯಸುವವರು ಒಮ್ಮೆ ಬೈರಮಂಗಲದ ಏರಿಯ ಮೇಲೆ ನಿಂತು, ಅಲ್ಲಿನ ರೈತನ ಮುಖವನ್ನು ನೋಡಿ ಆಡಲಿ.