ರಾಳ ಕೊಳ್ಳುವಾಗ ದರವೊಂದನ್ನೇ ಕೇಳಿದರೆ ಸಾಕೇ?

ರೆಸಿನ್ ಎಂದೇ ಪರಿಚಿತವಾದ ಫೀನಾಲಿಕ್ ರಾಳವನ್ನು ಬಳಸುವ ಸಣ್ಣ ಕೈಗಾರಿಕೆಗಳು ನಮ್ಮ ಸದಸ್ಯರಲ್ಲಿ ಅನೇಕವಿವೆ. ಬ್ರೇಕ್ ಲೈನರ್, ಗ್ರೈಂಡಿಂಗ್ ವೀಲ್, ಕುಕ್ಕರಿನ ಹಿಡಿ, ವಿದ್ಯುತ್ ಸ್ವಿಚ್ಚು, ಫೌಂಡ್ರಿಯ ಷೆಲ್ ಅಚ್ಚು ಇವೆಲ್ಲಕ್ಕೂ ಅದೇ ಆಧಾರ. ಆದರೆ ಖರೀದಿಯ ವೇಳೆ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಕಿಲೋಗೆ ಎಷ್ಟು?

ಪರಿಚಿತ ಉದ್ಯಮಿಯೊಬ್ಬರು ದರದ ಉಳಿತಾಯಕ್ಕಾಗಿ ರಾಳವನ್ನು ಬದಲಿಸಿದರು. ಬಯಲುಸೀಮೆಯಲ್ಲಿ ಅವರ ಲೈನರುಗಳ ಬಗ್ಗೆ ದೂರು ಬರಲಿಲ್ಲ. ಘಟ್ಟದ ಲಾರಿಗಳಿಂದ ಮಾತ್ರ ಸರಕು ಮರಳಿ ಬಂತು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲವೆಂಬುದು ಚಾಲಕರ ದೂರು. ಇದು ಕೇವಲ ನಷ್ಟದ ಮಾತಲ್ಲ, ಜೀವದ ಪ್ರಶ್ನೆ.

ಕಾರಣ ಸರಳವಾಗಿದೆ. ಸಾಮಾನ್ಯ ಫೀನಾಲಿಕ್ ರಾಳವು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದೀರ್ಘಕಾಲ ತಾಳುತ್ತದೆ. ಶಾಖವು 300 ಡಿಗ್ರಿ ದಾಟುತ್ತಿದ್ದಂತೆ ಅದು ವಿಘಟನೆಗೊಳ್ಳತೊಡಗುತ್ತದೆ. ಆಗ ಹೊರಬರುವ ಅನಿಲವು ಲೈನರ್ ಮತ್ತು ಡ್ರಮ್ಮಿನ ನಡುವೆ ನಿಂತು ಘರ್ಷಣೆಯನ್ನು ಕುಗ್ಗಿಸುತ್ತದೆ. ಘಟ್ಟದ ಇಳಿಜಾರಿನಲ್ಲಿ ಭಾರದ ವಾಹನಕ್ಕೆ ಈ ಶಾಖ ಅಪರೂಪವಲ್ಲ.

ರಾಳದ ಅಣುರಚನೆಯನ್ನೇ ರಾಸಾಯನಿಕವಾಗಿ ಮಾರ್ಪಡಿಸುವುದು ಇದಕ್ಕೆ ಪರಿಹಾರ. ಬೋರಿಕ್ ಆಮ್ಲ ಸೇರಿಸಿದಾಗ ಉಂಟಾಗುವ ಬೋರಾನ್ ಮತ್ತು ಆಮ್ಲಜನಕದ ಬಂಧವು ಇಂಗಾಲದ ಬಂಧಕ್ಕಿಂತ ಬಲವಾದುದು. ಸುಟ್ಟ ನಂತರ ಉಳಿಯುವ ಇಂಗಾಲದ ಪ್ರಮಾಣವೂ ಹೆಚ್ಚುತ್ತದೆ. ಆದರೆ ತೇವಾಂಶ ತಗುಲಿದರೆ ಈ ಬಂಧ ಸಡಿಲಗೊಳ್ಳುವ ಅಪಾಯವಿದೆ. ಕರಾವಳಿಯ ಮಳೆಗಾಲದಲ್ಲಿ ಇದನ್ನು ದಾಸ್ತಾನು ಮಾಡುವವರು ಎಚ್ಚರ ವಹಿಸಬೇಕು. ಸಿಲಿಕೋನ್ ಸೇರಿದ ರಾಳವೂ ಶಾಖ ತಾಳುತ್ತದೆ, ಆದರೆ ಬೆಲೆ ಹೆಚ್ಚು. ಬೆನ್ಜಾಕ್ಸಜೀನ್ ವರ್ಗದ ರಾಳ ಗಟ್ಟಿಯಾಗುವಾಗ ನೀರನ್ನು ಹೊರಬಿಡದ ಕಾರಣ ಒಳಗುಳ್ಳೆಗಳು ಕಡಿಮೆ; ಆದರೆ ಬೇಯಿಸಲು ಸುಮಾರು 200 ಡಿಗ್ರಿ ಶಾಖ ಬೇಕು. ನಮ್ಮ ಕರಾವಳಿಯ ಗೇರು ಸಿಪ್ಪೆಯ ಎಣ್ಣೆ ಬೆರೆಸಿದ ರಾಳವು ಲೈನರಿನ ಪೆಡಸುತನವನ್ನು ನೀಗುತ್ತದೆ. ಅದು ಒಳ್ಳೆಯ ಗುಣವೇ ಹೌದು. ಆದರೆ ಅದನ್ನೇ ಶಾಖನಿರೋಧಕವೆಂದು ಭಾವಿಸುವುದು ಸರಿಯಲ್ಲ.

ಮಾರ್ಪಡಿಸಿದ ರಾಳ ಎಲ್ಲರಿಗೂ ಬೇಕಿಲ್ಲ. ಬೆಳಗಾವಿಯ ಫೌಂಡ್ರಿಗಳ ಷೆಲ್ ಅಚ್ಚಿನಲ್ಲಿ ಎರಕ ಹೊಯ್ದ ಬಳಿಕ ರಾಳ ಸುಟ್ಟು ಮರಳು ಸಡಿಲಗೊಳ್ಳಲೇಬೇಕು. ಅಲ್ಲಿ ಹೆಚ್ಚಿನ ಬೆಲೆ ತೆರುವುದು ವ್ಯರ್ಥ. ತನ್ನ ಸರಕು ಎಷ್ಟು ಶಾಖವನ್ನು, ಎಷ್ಟು ಹೊತ್ತು ತಾಳಬೇಕೆಂಬುದನ್ನು ಮೊದಲು ತಿಳಿದವನೇ ಜಾಣ ಖರೀದಿದಾರ.

ಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲವೆಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಬ್ರೇಕ್ ಲೈನರಿನ ತೂಕದಲ್ಲಿ ರಾಳದ ಪಾಲು ಸಾಮಾನ್ಯವಾಗಿ ಶೇಕಡಾ 10ರಿಂದ 20 ಮಾತ್ರ. ರಾಳದ ದರ ಏರಿದಷ್ಟೇ ಪ್ರಮಾಣದಲ್ಲಿ ಸರಕಿನ ವೆಚ್ಚ ಏರುವುದಿಲ್ಲ. ಒಮ್ಮೆ ಮರಳಿ ಬಂದ ಸರಕಿನ ನಷ್ಟವನ್ನು ಇದರೊಂದಿಗೆ ತೂಗಿ ನೋಡಬೇಕು.

ಮಾರಾಟಗಾರರ ಬಾಯಿಮಾತನ್ನು ನಂಬಬೇಕಾಗಿಲ್ಲ. ಕೆಲವೇ ಮಿಲಿಗ್ರಾಂ ಮಾದರಿಯನ್ನು ಕ್ರಮೇಣ ಕಾಯಿಸಿ, ತೂಕ ಇಳಿಯುವುದನ್ನು ಅಳೆಯುವ ಉಷ್ಣತೂಕ ಪರೀಕ್ಷೆಯಿದೆ. ಪ್ರತಿ ಬ್ಯಾಚಿಗೂ ಅದರ ವರದಿಯನ್ನು ಕೇಳುವುದು ನಮ್ಮ ಹಕ್ಕು. ಒಬ್ಬೊಬ್ಬರೇ ಇಂತಹ ಯಂತ್ರವನ್ನು ಕೊಳ್ಳುವುದು ಕಷ್ಟಸಾಧ್ಯ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅವಕಾಶವಿದೆ. ರಾಳ ಬಳಸುವ ಸದಸ್ಯರನ್ನು ಒಂದೆಡೆ ಸೇರಿಸಿ, ಪರೀಕ್ಷಾ ಕೇಂದ್ರವೊಂದಕ್ಕೆ ಪ್ರಸ್ತಾವ ಸಿದ್ಧಪಡಿಸುವ ಹೊಣೆಯನ್ನು ನಮ್ಮ ಸಂಸ್ಥೆ ವಹಿಸಿಕೊಳ್ಳಬೇಕು. ಅಲ್ಲಿಯವರೆಗೆ ಪ್ರತಿಯೊಬ್ಬ ಸದಸ್ಯರೂ ಮುಂದಿನ ಖರೀದಿ ಆದೇಶದಲ್ಲಿ ದರದ ಪಕ್ಕದಲ್ಲಿಯೇ ತಾಳಬೇಕಾದ ಶಾಖವನ್ನೂ ನಮೂದಿಸಲಿ ಎಂಬುದು ನನ್ನ ವಿನಮ್ರ ಸಲಹೆ.