ಆಟದ ಪ್ರೇರಣೆಯಿಂದ ಡಿಜಿಟಲ್ ಕಲಿಕೆಯನ್ನು ಸಜೀವಗೊಳಿಸುವ ಕುರಿತು ಮನವಿ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯದರ್ಶಿಗಳವರ ಸನ್ನಿಧಾನಕ್ಕೆ, ಕಲಬುರಗಿ
(ರಾಯಚೂರು ಜಿಲ್ಲಾಧಿಕಾರಿಗಳವರ ಮೂಲಕ)

ವಿಷಯ: ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆಟದ ಕ್ರಮವನ್ನು ಅನುಸರಿಸಿದ ಡಿಜಿಟಲ್ ಕಲಿಕೆಯನ್ನು ಏರ್ಪಡಿಸುವ ಬಗ್ಗೆ.

ಮಾನ್ಯರೇ,

ರಾಯಚೂರು ನಗರದ ಬಡಾವಣೆಗಳಲ್ಲಿಯೂ ದೇವದುರ್ಗ, ಮಾನ್ವಿ ಸೀಮೆಯ ಗ್ರಾಮ ಮತ್ತು ತಾಂಡಾಗಳಲ್ಲಿಯೂ ವಾಸಿಸುವ ನಾವು, ಸರಕಾರಿ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರು ಹಾಗೂ ಅದೇ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಶಿಕ್ಷಕರು, ಬಹುಕಾಲದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ಅರಿಕೆಯನ್ನು ತಮ್ಮ ಮುಂದೆ ಸವಿನಯವಾಗಿ ನಿವೇದಿಸಿಕೊಳ್ಳುತ್ತಿದ್ದೇವೆ.

2011ರ ಜನಗಣತಿಯಲ್ಲಿ ಇಡೀ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ನಮ್ಮ ಜಿಲ್ಲೆಯದು ಶೇ. 59.56 ಮಾತ್ರ ಇದ್ದಿತು. ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತಲೂ ಕಡಮೆ ಇದ್ದರು. ಇಂತಹ ಹಿಂದುಳಿದಿರುವಿಕೆಯನ್ನು ನೀಗಿಸುವ ಸಲುವಾಗಿಯೇ ಸಂವಿಧಾನದ 371(ಜೆ) ವಿಧಿಯೂ ಅದರ ಆಶ್ರಯದಲ್ಲಿ ತಮ್ಮ ಮಂಡಳಿಯೂ ಜನ್ಮ ತಳೆದುವು. 2018ರಲ್ಲಿ ಕೇಂದ್ರ ಸರಕಾರವು ರಾಯಚೂರನ್ನು ಆಕಾಂಕ್ಷಿ ಜಿಲ್ಲೆಗಳ ಸಾಲಿಗೆ ಸೇರಿಸಿತು. ಯಂತ್ರಗಳೂ ಬಂದಿವೆ. ಕೆಲವು ಶಾಲೆಗಳಿಗೆ ಪ್ರೊಜೆಕ್ಟರು, ಲ್ಯಾಪ್‌ಟಾಪುಗಳು ದೊರೆತುವು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡುಗಳು ಮೂಡಿದುವು. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯಲ್ಲಿ ಪಾಠಗಳು ತುಂಬಿದುವು. ಆದರೆ ನಮ್ಮಲ್ಲೊಬ್ಬರು ಸೇವೆ ಸಲ್ಲಿಸಿದ ಶಾಲೆಯೊಂದರಲ್ಲಿ, ಪರದೆ ಬೆಳಗಿದ ಮೊದಲ ದಿನ ಹಿಂದಿನ ಸಾಲಿನಿಂದ ಎದ್ದುನಿಂತು ನೋಡಿದ ಮಕ್ಕಳೇ ಎರಡನೆಯ ವಾರಕ್ಕೆ ಕಿಟಕಿಯ ಹೊರಗೆ ನೋಡತೊಡಗಿದರು. ಕರಿಹಲಗೆಯ ಮೇಲಿದ್ದುದೇ ಬೆಳಕಿನ ಹಲಗೆಯ ಮೇಲೆ ಬಂದಿದ್ದಿತೇ ಹೊರತು ಮಗುವಿನ ಕೈಗೆ ಮಾಡಲು ಅಲ್ಲಿ ಕೆಲಸವೇನೂ ಇರಲಿಲ್ಲ.

ಆಟವನ್ನು ಕಲಿಕೆಯೊಳಕ್ಕೆ ತರುವ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸತಲ್ಲವೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ರೂಪಿಸಿದ ನಲಿ-ಕಲಿ ಎಂಬ ಪದ್ಧತಿಯಲ್ಲಿ ಪಾಠಪುಸ್ತಕದ ಸ್ಥಾನವನ್ನು ಕಾರ್ಡುಗಳು ಪಡೆದುವು. ಗೋಡೆಯ ಮೇಲೆ ಕಲಿಕಾ ಏಣಿ ನಿಂತಿತು. ಏಣಿಯ ಮೆಟ್ಟಿಲುಗಳನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಪ್ರತಿಯೊಂದು ಚಟುವಟಿಕೆಗೂ ಪ್ರಾಣಿಪಕ್ಷಿಗಳ ಚಿಹ್ನೆಯನ್ನು ಕೊಟ್ಟು, ಶಿಕ್ಷಕರ ನೆರವು ಬೇಕಾದ ಮಕ್ಕಳು ‘ತಟ್ಟೆ’ಯೆಂದು ಕರೆಯುವ ಒಂದು ಗುಂಪಿನಲ್ಲಿ, ಗೆಳೆಯರ ನೆರವಿನಿಂದ ಸಾಗುವವರು ಇನ್ನೊಂದರಲ್ಲಿ, ತಾವಾಗಿಯೇ ಕಲಿಯಬಲ್ಲವರು ಮತ್ತೊಂದರಲ್ಲಿ ಕುಳಿತುಕೊಳ್ಳುವಂತೆ ಏರ್ಪಾಟಾಯಿತು. ಇಂದು ಜಗತ್ತಿನ ತಂತ್ರಜ್ಞರು ಆಟದ ಹಂತ, ಗುರುತು, ಪ್ರಗತಿಯ ಪಟ್ಟಿಯೆಂದು ಯಾವುದನ್ನು ಬಣ್ಣಿಸುತ್ತಿರುವರೋ ಅದೆಲ್ಲವೂ ರಟ್ಟಿನ ಕಾರ್ಡು ಮತ್ತು ಬಣ್ಣಗಳಿಂದಲೇ ನಮ್ಮ ಗೋಡೆಗಳ ಮೇಲೆ ಸಿದ್ಧವಾಗಿದ್ದಿತು.

ಆ ಏಣಿಯ ನಿಜವಾದ ಹಿರಿಮೆಯನ್ನು ಅರಿಯಬೇಕಾದರೆ ದೇವದುರ್ಗಕ್ಕೆ ಬರಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಇಲ್ಲಿಯ ತರಗತಿಗಳು ತೆಳುವಾಗುತ್ತವೆ; ಅದಾದ ಮೇಲೆ ಸಂಸಾರಗಳು ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗಕ್ಕೆ ಮುಟ್ಟದ ವರ್ಷಗಳಲ್ಲಿ ಮಾನ್ವಿಯ ಹಳ್ಳಿಗಳಿಗೂ ಅದೇ ಗತಿ. ತಿಂಗಳುಗಟ್ಟಲೆ ಕಳೆದು ಹಿಂದಿರುಗಿದ ಮಗು ತರಗತಿಯ ಪಾಠ ಮುಂದೆ ಸಾಗಿರುವುದನ್ನು ಕಂಡು ಕುಗ್ಗಿ, ಮೊದಲು ಮಾತನ್ನು, ಆಮೇಲೆ ಶಾಲೆಯನ್ನೇ ಬಿಡುತ್ತದೆ. ಏಣಿಯಿದ್ದಲ್ಲಿ ಅದು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಆದರೆ ಮೂರನೆಯ ತರಗತಿಯನ್ನು ದಾಟಿದೊಡನೆ ಆ ಏಣಿಯೂ ಇಲ್ಲವಾಗುತ್ತದೆ. ಹೆಚ್ಚು ಕಠಿಣವಾದ ಭಾಗಾಕಾರ, ಭಿನ್ನರಾಶಿಗಳು ಕಾದಿರುವುದು ಅಲ್ಲಿಂದ ಮುಂದೆಯೇ. ಯಂತ್ರದಿಂದ ನಮಗೆ ಆಗಬೇಕಾದ ಉಪಕಾರ ಇದೇ: 4ರಿಂದ 7ನೆಯ ತರಗತಿಯವರೆಗೆ ಪ್ರತಿಯೊಂದು ಮಗುವಿನ ಮೆಟ್ಟಿಲನ್ನು ನೆನಪಿಟ್ಟುಕೊಂಡು, ಅದು ಹಿಂದಿರುಗಿದಾಗ ಅಲ್ಲಿಂದಲೇ ಆಟವನ್ನು ಮುಂದುವರಿಸುವುದು.

ಇದು ಅಸಾಧ್ಯವಾದ ಬೇಡಿಕೆಯಲ್ಲ. ಅಕ್ಷರ ಫೌಂಡೇಷನ್ ಸಂಸ್ಥೆಯ ಬಿಲ್ಡಿಂಗ್ ಬ್ಲಾಕ್ಸ್ ಎಂಬ ಗಣಿತದ ಆ್ಯಪು ಆಟಗಳ ರೂಪದಲ್ಲಿಯೇ ಇದೆ. ಕನ್ನಡದಲ್ಲಿ ಉಚಿತವಾಗಿ ದೊರೆಯುತ್ತದೆ. ಒಮ್ಮೆ ಇಳಿಸಿಕೊಂಡ ಬಳಿಕ ಇಂಟರ್‌ನೆಟ್ಟಿಲ್ಲದೆಯೂ ನಡೆಯುತ್ತದೆ. ಅಲ್ಲದೆ ಗುಡಿಯ ಕಟ್ಟೆಯ ಮೇಲೆ ಗೀರಿದ ಹುಲಿ-ಕುರಿಯ ಮನೆಗಳು, ಹದಿನಾಲ್ಕು ಕುಳಿಗಳಲ್ಲಿ ಕಾಳು ಹಂಚುವ ಅಳಗುಳಿಮಣೆ, ಕವಡೆಯ ಗರ ನೋಡಿ ಕಾಯಿ ನಡೆಸುವ ಚೌಕಾಬಾರ ಇವೆಲ್ಲ ಎಣಿಕೆಯ, ಎದುರಾಳಿಯ ನಡೆಯನ್ನು ಊಹಿಸುವ ಶಾಸ್ತ್ರಗಳೇ ಆಗಿರುವಾಗ, ಪರದೇಶದ ಕಾರುಪಂದ್ಯಗಳ ಚಿತ್ರಗಳನ್ನು ಎರವಲು ತಂದು ನಮ್ಮ ಮಕ್ಕಳಿಗೆ ಕೂಡುಲೆಕ್ಕ ಕಲಿಸುವುದು ಅನಾವಶ್ಯಕವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಒಂದು ವಿಷಯದಲ್ಲಿ ಮಾತ್ರ ನಮಗೆ ಭಯವಿದೆ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ವಿದ್ವಾಂಸರು ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯುಳ್ಳ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿ ಚಿತ್ರ ಬರೆಯಿಸಿದರು. ಒಂದೆರಡು ವಾರಗಳ ತರುವಾಯ ನೋಡಿದರೆ, ಬಹುಮಾನಕ್ಕಾಗಿ ಬರೆದ ಆ ಮಕ್ಕಳೇ ಉಳಿದವರಿಗಿಂತ ಕಡಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಆದುದರಿಂದ ಅಂಕ, ಪದಕ, ನಕ್ಷತ್ರಗಳನ್ನೇ ಆಟವೆಂದು ಭ್ರಮಿಸುವ ಆ್ಯಪುಗಳು ನಮಗೆ ಬೇಡ. ಮಗುವನ್ನು ಆಟಕ್ಕೆ ಎಳೆಯುವುದು ತನ್ನ ನಡೆಯನ್ನು ತಾನೇ ಆರಿಸುವ ಸ್ವಾತಂತ್ರ್ಯ, ಸೋತರೂ ಮತ್ತೆ ಆಡಬಹುದೆಂಬ ಧೈರ್ಯ, ಜೊತೆಯಲ್ಲಿ ಆಡುವವರ ಸ್ನೇಹ. ಗೋಡೆಯ ಮೇಲೆ ಹಿಂದುಳಿದವರ ಹೆಸರನ್ನು ಕೊನೆಯಲ್ಲಿ ತೋರಿಸುವ ಶ್ರೇಯಾಂಕಪಟ್ಟಿಯು ಗುಳೆಯಿಂದ ಬಂದ ಮಗುವನ್ನು ಎರಡನೆಯ ಬಾರಿ ಶಾಲೆಯಿಂದ ಹೊರಗಟ್ಟುವುದು ನಿಶ್ಚಯ.

ಈ ಕಾರಣಗಳಿಂದ ನಾವು ಬೇಡಿಕೊಳ್ಳುವುದೇನೆಂದರೆ: ಮಂಡಳಿಯು ಶಿಕ್ಷಣಕ್ಕಾಗಿ ವಿನಿಯೋಗಿಸುವ ಹಣದಲ್ಲಿ ಒಂದು ಭಾಗವನ್ನು ಯಂತ್ರಗಳ ಖರೀದಿಗಲ್ಲದೆ ಪಾಠದ ಆಟಗಳ ರಚನೆಗೆಂದೇ ಪ್ರತ್ಯೇಕಿಸಿಡತಕ್ಕದ್ದು, ಆ ರಚನೆಯ ಹೊಣೆಯನ್ನು ಯರಮರಸಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೂ 2019ರಲ್ಲಿ ಸ್ಥಾಪಿತವಾದ ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗೂ ಜಂಟಿಯಾಗಿ ಒಪ್ಪಿಸಿ, ತರಗತಿಯಲ್ಲಿ ದಿನವೂ ನಿಲ್ಲುವ ಶಿಕ್ಷಕರನ್ನು ಮೊದಲಿನಿಂದಲೇ ಸೇರಿಸಿಕೊಳ್ಳತಕ್ಕದ್ದು. ಆಟಗಳು ಕನ್ನಡದಲ್ಲಿರಬೇಕು, ತಾಂಡಾಗಳ ಮಕ್ಕಳಿಗೆ ಲಂಬಾಣಿಯಲ್ಲಿಯೂ ನಗರದ ಉರ್ದು ಶಾಲೆಗಳಿಗೆ ಉರ್ದುವಿನಲ್ಲಿಯೂ ಧ್ವನಿಸೂಚನೆ ಇರಬೇಕು, ಕರೆಂಟು ಹೋದರೂ ನೆಟ್‌ವರ್ಕ್ ಸಿಗದಿದ್ದರೂ ನಡೆಯುವಂತಿರಬೇಕು. ಮನೆಯಲ್ಲಿ ಮೊಬೈಲಿಲ್ಲದ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಸಂಜೆಯ ಹೊತ್ತು ಟ್ಯಾಬುಗಳು ದೊರೆಯಬೇಕು. ಜಾಹೀರಾತಾಗಲಿ ಹಣ ಕೇಳುವ ಆಟವಾಗಲಿ ಒಳನುಸುಳಕೂಡದು. ಮಕ್ಕಳ ಮಾಹಿತಿ ಯಾವ ಕಂಪನಿಯ ಪಾಲಿಗೂ ಹೋಗಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಗುಳೆ ಹೋಗುವ ಮಗುವಿನ ಕಲಿಕೆಯ ಮೆಟ್ಟಿಲಿನ ದಾಖಲೆಯು ಆ ಮಗುವಿನೊಡನೆಯೇ ಹೋಗಿ, ಬೆಂಗಳೂರಿನ ಶಾಲೆಯಲ್ಲಾಗಲಿ ಮರಳಿ ದೇವದುರ್ಗದಲ್ಲಾಗಲಿ ತೆರೆದುಕೊಳ್ಳುವ ವ್ಯವಸ್ಥೆಯಾಗಬೇಕು.

ಮೊದಲ ವರ್ಷ ಈ ಮೂರು ಸ್ಥಳಗಳ ಕೆಲವೇ ಶಾಲೆಗಳಲ್ಲಿ ಪ್ರಯೋಗ ನಡೆಸಿ, ಅದರ ಫಲವನ್ನು ಗೆದ್ದ ಅಂಕಗಳಿಂದ ಅಳೆಯದೆ, ಹತ್ತಿಯ ಕಾಲವೂ ಗುಳೆಯ ಕಾಲವೂ ಮುಗಿದ ಮೇಲೆ ಎಷ್ಟು ಮಕ್ಕಳು ಶಾಲೆಗೆ ಮರಳಿ ಬಂದರು ಎಂಬುದರಿಂದ ಅಳೆಯಬೇಕೆಂದು ಕೋರುತ್ತೇವೆ. ಮುಂದಿನ ಸಾಲಿನ ಕ್ರಿಯಾಯೋಜನೆ ಅಂತಿಮಗೊಳ್ಳುವುದಕ್ಕೆ ಮುಂಚೆ ನಮ್ಮ ಪ್ರತಿನಿಧಿಗಳಿಗೆ ತಮ್ಮನ್ನು ಕಂಡು ಮಾತನಾಡುವ ಅವಕಾಶವನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಪಾಲಕರು, ಶಾಲಾ ಸಮಿತಿ ಸದಸ್ಯರು ಹಾಗೂ ನಿವೃತ್ತ ಶಿಕ್ಷಕರು