ಸಾಹೇಬರ ಸ್ವಭಾವ ಅಳೆದು ಏನ್ ಮಾಡ್ತೀರಿ?

ವಿಶ್ವವಿದ್ಯಾಲಯ ಆಳುವವರ ಸ್ವಭಾವಕ್ಕೂ ಅವರ ನಾಯಕತ್ವದ ರೀತಿಗೂ ಏನು ಸಂಬಂಧ? ಈ ಪ್ರಶ್ನೆ ಹಿಡಿದು ಪಂಡಿತರು ಫಾರಂ ಹಂಚುತ್ತಾರೆ. ಸಾಹೇಬರು ತೆರೆದ ಮನಸ್ಸಿನವರೋ, ಶಿಸ್ತಿನವರೋ, ಮಂದಿಯೊಳಗೆ ಬೆರೆಯುವವರೋ, ಸೌಮ್ಯರೋ, ಬೇಗ ಕಳವಳಕ್ಕೆ ಬೀಳುವವರೋ? ಐದು ಗುಣ, ಐದು ತಕ್ಕಡಿ. ಬಹಳ ಸಲ ಫಾರಂ ತುಂಬುವವರೂ ಸಾಹೇಬರೇ! ತನ್ನ ಮಜ್ಜಿಗಿ ಹುಳಿ ಅಂತ ಯಾವಾಕಿ ಹೇಳಿ ಮಾರ್ಯಾಳ?

ತಿಕೋಟಾದಿಂದ, ಬಬಲೇಶ್ವರದಿಂದ ಬಸ್ಸು ಹತ್ತಿ ವಿಜಯಪುರಕ್ಕೆ ಓದಲು ಬರುವ ಕೂಲಿಕಾರರ ಮಗಳನ್ನು ಯಾರೂ ಕೇಳುವುದಿಲ್ಲ. ಸಾಹೇಬರ ಕೋಣೆಯ ಕಸ ಹೊಡೆಯುವ ಅವ್ವನನ್ನೂ ಕೇಳುವುದಿಲ್ಲ.

ಗುಣಕ್ಕೆ ಹೆಸರಿಡುವವರು ಯಾರು? ಮೇಲ್ಜಾತಿಯ ಗಂಡಸು ಮೇಜು ಗುದ್ದಿದರೆ ‘ದಿಟ್ಟ ಆಡಳಿತಗಾರ’. ನಮ್ಮ ಕೇರಿಯ ಹೆಣ್ಣುಮಗಳು ಅದೇ ಮೇಜು ಗುದ್ದಿದರೆ ‘ಜಗಳಗಂಟಿ’. ಅಂವ ಸುಮ್ಮನಿದ್ದರೆ ಗಂಭೀರ. ಆಕಿ ಸುಮ್ಮನಿದ್ದರೆ ಏನೂ ತಿಳಿಯದಾಕಿ. ತಕ್ಕಡಿಯಾಗ ಜಾತಿ ಕುಂತೈತಿ. ತೂಕ ಸರಿ ಬರೋದು ಹೆಂಗ?

2003ರಲ್ಲಿ ಹುಟ್ಟಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಹೊತ್ತ ಮಹಿಳಾ ವಿಶ್ವವಿದ್ಯಾಲಯ ನಮ್ಮೂರಲ್ಲೇ ಇದೆ. ಅರಮನೆ ಧಿಕ್ಕರಿಸಿ ಹೊರಬಂದವಳು ಅಕ್ಕ. ಆಕೆಗೆ ಈ ಫಾರಂ ಸೌಮ್ಯತೆಯಲ್ಲಿ ಎಷ್ಟು ಅಂಕ ಕೊಟ್ಟೀತು? ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆ ಕುಲಪತಿಯನ್ನು ನೇಮಿಸುವಾಗ ಅರ್ಹತೆಯ ಜೊತೆಗೆ ಸಮತೆ, ಸಾಮಾಜಿಕ ನ್ಯಾಯ ನೋಡಿರಿ ಎನ್ನುತ್ತದೆ. ಐದು ಗುಣಗಳಲ್ಲಿ ಅದಕ್ಕೆ ಜಾಗ ಎಲ್ಲಿ?

‘ಮನುಷ್ಯ ಒಳ್ಳೆಯವನಿದ್ದರೆ ಸಾಕು, ಕೆಟ್ಟವರ ಕೈಯಲ್ಲಿ ಒಳ್ಳೆಯ ಸಂವಿಧಾನವೂ ಕೆಡುತ್ತದೆಂದು ಬಾಬಾಸಾಹೇಬರೇ ಹೇಳಿಲ್ಲವೆ?’ ಹೌದು, 1949ರ ನವೆಂಬರ್ 25ರಂದು ಹೇಳಿದ್ದಾರೆ. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದ್ದೂ ಅದೇ ಭಾಷಣದಲ್ಲೇ. ಒಳ್ಳೆಯ ಕುಲಪತಿ ಬರಲಿ, ಬ್ಯಾಡ ಅಂದವರ್ಯಾರು? ಆದರೆ ನಾಲ್ಕು ವರ್ಷಕ್ಕೆ ಅವರ ಒಳ್ಳೆಯತನವೂ ಅವರ ಕಾರು ಹತ್ತಿ ಹೋಗುತ್ತದೆ. ಉಳಿಯುವುದು ನಿಯಮ, ಮತ್ತು ನಿಯಮ ಎಲ್ಲೈತಿ ಅಂತ ಕೇಳುವ ಮಂದಿ.

ತಾರತಮ್ಯ ತಡೆಯಲು ಸಮಾನ ಅವಕಾಶ ಘಟಕ ಬೇಕು, ದೂರು ಕೇಳುವ ಅಧಿಕಾರಿ ಬೇಕು ಎಂದು ಯುಜಿಸಿ 2012ರಲ್ಲೇ ನಿಯಮ ಮಾಡಿತು. ಆದರೂ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರು ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಹಾಕಿದರು. ಅವರಲ್ಲೊಬ್ಬ ರೋಹಿತ್ ವೇಮುಲ. 2015ರ ಡಿಸೆಂಬರಿನಲ್ಲಿ ಕುಲಪತಿಗೆ ಪತ್ರ ಬರೆದ. 2016ರ ಜನವರಿ 17ರಂದು ಹೆಣವಾದ. ಆ ಪತ್ರ ತಲುಪಿದ ಕುರ್ಚಿಯ ಸ್ವಭಾವ ಈಗ ಅಳೆದರೆ ಅವನ ತಾಯಿಗೆ ಏನು ಸಿಕ್ಕೀತು?

ಮಾಸ್ತರ್ರೆ, ತಮ್ಮಾ, ತಂಗಿ, ಫಾರಂ ನಾವೂ ಬರೆಯೋಣ. ಸ್ಕಾಲರ್‌ಶಿಪ್ಪಿನ ಫೈಲು ಎಷ್ಟು ದಿನ ಮೇಜಿನ ಮೇಲಿತ್ತು? ಸಿಂಡಿಕೇಟಿನಲ್ಲಿ ಕುಂತವರು ಯಾರ ಮಕ್ಕಳು? ಸಮಾನ ಅವಕಾಶ ಘಟಕ ಕೊನೆಗೆ ಕೂಡಿದ್ದು ಯಾವಾಗ? ದೂರಿಗೆ ಉತ್ತರ ಕೊಟ್ಟರೋ, ದೂರು ಕೊಟ್ಟವರನ್ನೇ ಕರೆಸಿ ಬೆದರಿಸಿದರೋ? ಈ ಫಾರಂ ಸಾಹೇಬರ ಕೈಗೆ ಕೊಡಬ್ಯಾಡ್ರಿ. ಹಾಸ್ಟೆಲ್ಲಿನ ಹುಡುಗಿ ತುಂಬಲಿ, ಕಸ ಹೊಡೆಯುವ ಅವ್ವ ತುಂಬಲಿ.

ಸಾಹೇಬರ ನಗು ಅಳೀಬ್ಯಾಡ್ರಿ. ಅವರ ಬಾಗಿಲ ಮುಂದ ನಮ್ಮ ಹುಡುಗಿ ಎಷ್ಟೊತ್ತು ನಿಂತಳು, ಅದನ್ನ ಅಳೀರಿ.